ಬದುವಿನ ಮೇಲಿನ ಮೂವತ್ತೊಂದು ಕೋಟಿ

ಹಾಸನದ ಆಲೂಗಡ್ಡೆ ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದ ಗಣಿಕೆ ಗಿಡದ ಎಲೆಯನ್ನೊಮ್ಮೆ ಮಗುಚಿ ನೋಡಿ. ನರದ ಗುಂಟ ಸೊಂಡಿಲು ಊರಿ ಕೂತಿದೆ ಹಸಿರು ಗಿಡಹೇನು. ಉದ್ದ ಸುಮಾರು 2 ಮಿಲಿಮೀಟರ್. ನಮ್ಮ ಹವೆಯಲ್ಲಿ ಇದಕ್ಕೆ ಗಂಡಿನ ಹಂಗಿಲ್ಲ, ಮೊಟ್ಟೆಯ ಗೊಡವೆಯಿಲ್ಲ; ನೇರವಾಗಿ ಹೆಣ್ಣು ಮರಿಗಳನ್ನೇ ಈಯುತ್ತದೆ. ಹುಟ್ಟುವ ಮರಿಯ ಹೊಟ್ಟೆಯಲ್ಲಿ ಆಗಲೇ ಅದರ ಮರಿ ಬೆಳೆಯುತ್ತಿರುತ್ತದೆ! ವಾರ-ಹತ್ತು ದಿನಕ್ಕೆ ಮರಿಯೇ ತಾಯಿ.

ಲೆಕ್ಕ ಹಾಕೋಣ. ಒಂದಕ್ಕೆ 50 ಮರಿ, ಎಲ್ಲವೂ ಬದುಕಿದವು ಎನ್ನಿ. ಎರಡನೇ ತಲೆಮಾರಿಗೆ 2,500. ಮೂರಕ್ಕೆ 1,25,000. ನಾಲ್ಕಕ್ಕೆ 62.5 ಲಕ್ಷ. ಐದಕ್ಕೆ 31 ಕೋಟಿ 25 ಲಕ್ಷ! ಸಾಲಾಗಿ ನಿಲ್ಲಿಸಿದರೆ 625 ಕಿಲೋಮೀಟರ್. ಬೆಂಗಳೂರಿನಲ್ಲಿ ಶುರುವಾದ ಸಾಲು ಕಲಬುರಗಿ ಮುಟ್ಟುತ್ತದೆ. ಗುಲಗಂಜಿ ಹುಳುಗಳೂ ಬಿರುಸು ಮಳೆಯೂ ಇರುವುದರಿಂದ ನಾವು ಉಳಿದಿದ್ದೇವೆ.

ಆದರೆ ಬೆಳೆ ಕೆಡಿಸಲು ಕೋಟಿ ಬೇಕಿಲ್ಲ. ಆಲೂಗಡ್ಡೆಯ 'ವೈ' ವೈರಸ್ ಎಂಬ ಎಳೆಯ ಉದ್ದ ಮಿಲಿಮೀಟರಿನ 1,300ನೇ ಒಂದು ಪಾಲಿಗಿಂತಲೂ ಕಡಿಮೆ. ನಂಜು ಹತ್ತಿದ ಗಿಡಕ್ಕೆ ಹೇನು ಕೆಲವೇ ಸೆಕೆಂಡು ಸೊಂಡಿಲು ಚುಚ್ಚಿದರೂ ವೈರಸ್ ಅಂಟುತ್ತದೆ; ಪಕ್ಕದ ಗಿಡಕ್ಕೆ ದಾಟಿಸಲೂ ಅಷ್ಟೇ ಹೊತ್ತು ಸಾಕು. ಸಿಂಪಡಿಸಿದ ಔಷಧಿ ಹೇನನ್ನು ಕೊಲ್ಲುವಷ್ಟರಲ್ಲಿ ಅದರ ಕೆಲಸ ಮುಗಿದಿರುತ್ತದೆ. ಆಮೇಲೆ ನಂಜು ಗಡ್ಡೆಗಿಳಿದು ಮುಂದಿನ ಬಿತ್ತನೆಗೂ ಹೋಗುತ್ತದೆ. ಅದಕ್ಕೇ ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ಬೀಜದ ಬೆಳೆಗೆ ಕಟ್ಟುನಿಟ್ಟಿನ ಗೆರೆ ಎಳೆದಿದೆ: 100 ಸಂಯುಕ್ತ ಎಲೆಗೆ 20 ಹೇನು. ಅಷ್ಟಾಯಿತೆಂದರೆ ಹಸಿರು ಗಿಡವನ್ನೇ ಕೊಯ್ದು ಹಾಕಬೇಕು. ಹಾಸನಕ್ಕೆ ಬಿತ್ತನೆಗಡ್ಡೆ ಕಳಿಸುವ ಜಲಂಧರ್ ಸೀಮೆಯ ಬೀಜದ ಬೇಸಾಯ ನಿಂತಿರುವುದೇ ಹೇನು ಕಡಿಮೆಯಿರುವ ಚಳಿಗಾಲದ ಕೆಲವು ವಾರಗಳ ಮೇಲೆ.

ಆ ಹೇನು ಬೆಳೆಯಿಲ್ಲದ ತಿಂಗಳುಗಳಲ್ಲಿ ಎಲ್ಲಿರುತ್ತದೆ? ಕಳೆಯಲ್ಲಿ. ಈ ಒಂದೇ ಜಾತಿ 400ಕ್ಕೂ ಹೆಚ್ಚು ಬಗೆಯ ಗಿಡಗಳ ಮೇಲೆ ಬದುಕಬಲ್ಲದು, 100ಕ್ಕೂ ಹೆಚ್ಚು ವೈರಸ್‌ಗಳನ್ನು ಹೊರಬಲ್ಲದು. ಗಣಿಕೆಯಂತೂ ಆಲೂಗಡ್ಡೆಯ ದಾಯಾದಿ. ಹೇನಿಗೆ ಊಟ, ವೈರಸ್‌ಗೆ ವಸತಿ ಎರಡೂ ಅಲ್ಲೇ. ಗಿಡದಲ್ಲಿ ಜಾಗ ಇಕ್ಕಟ್ಟಾದಾಗ ರೆಕ್ಕೆಯ ಹೇನುಗಳು ಹುಟ್ಟಿ ಹೊಲಕ್ಕೆ ಹಾರುತ್ತವೆ.

ಆದ್ದರಿಂದ ಬದು ಹಸನು ಮಾಡುವ ಕೆಲಸ ಬಿತ್ತನೆಗೆ ಮೊದಲೇ ಮುಗಿಯಬೇಕು. ಆಲೂ ಚಿಗುರಿದ ಮೇಲೆ ಹೇನು ತುಂಬಿದ ಕಳೆ ಕಿತ್ತರೆ ಅವು ನೆಲೆ ತಪ್ಪಿ ಬೆಳೆಗೇ ನುಗ್ಗುತ್ತವೆ. ಸಾರಿಗೆ ಗಣಿಕೆ ಸೊಪ್ಪು ಬೇಕೆನ್ನುವವರು ಹೊಲದಿಂದ ದೂರ, ಹಿತ್ತಲಲ್ಲಿ ಬೆಳೆದುಕೊಳ್ಳಲಿ. ಕೋಟಿಯ ಲೆಕ್ಕ ಶುರುವಾಗುವುದು ಒಂದರಿಂದ. ಆ ಒಂದು ನಮ್ಮ ಕೈಗೆ ಸಿಗುವುದು ಬಿತ್ತನೆಗೆ ಮುಂಚೆ ಮಾತ್ರ.