ಕುಡಿ ಚಿವುಟುವ ಕೈ

ಮಕ್ಕಳೇ, ಕಲಬುರಗಿಯನ್ನು ತೊಗರಿಯ ಕಣಜ ಎನ್ನುವುದನ್ನು ನೀವು ಕೇಳಿರಬೇಕು. ಇಲ್ಲಿನ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿದೆ. ಜೇವರ್ಗಿ ತಾಲ್ಲೂಕಿನ ನಮ್ಮ ಅಂದೋಲಾದ ಕಡೆಯೂ ತೊಗರಿ ಬೆಳೆಯುತ್ತಾರೆ.

ಮುಂಗಾರಿನಲ್ಲಿ ಬಿತ್ತಿದ ತೊಗರಿ ಸುಮಾರು ಒಂದೂವರೆ ತಿಂಗಳಿಗೆ ಬಂದಾಗ ಅದರ ಕುಡಿ ಚಿವುಟುತ್ತಾರೆ. ಚೆನ್ನಾಗಿ ಬೆಳೆಯುವ ಗಿಡದ ತಲೆಯನ್ನೇಕೆ ಮುರಿಯುತ್ತಾರೆ ಎನಿಸಬಹುದು. ಕುಡಿ ಹೋದ ಗಿಡ ಎತ್ತರಕ್ಕೆ ಓಡುವುದನ್ನು ಬಿಟ್ಟು ಪಕ್ಕಕ್ಕೆ ಕವಲೊಡೆಯುತ್ತದೆ. ಕವಲು ಹೆಚ್ಚಿದರೆ ಹೂವು ಹೆಚ್ಚು, ಕಾಯಿ ಹೆಚ್ಚು.

ಸಾಲು ಹಿಡಿದು ದಿನವಿಡೀ ಕುಡಿ ಚಿವುಟುವುದು ಬೇಸರದ ಕೆಲಸವೇ. ಆದರೆ ಏಕೆ ಚಿವುಟುತ್ತಿದ್ದೇವೆ ಎಂದು ತಿಳಿದ ಕೈಗೆ ದಣಿವಿನ ಜೊತೆ ತೃಪ್ತಿಯೂ ಸಿಗುತ್ತದೆ. ತಿಳಿಯದ ಕೈಗೆ ಸಿಗುವುದು ದಣಿವು ಮಾತ್ರ.

ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾದವನು. ಆಗ ಕಂಪ್ಯೂಟರ್ ಇರಲಿಲ್ಲ. ಎಲ್ಲ ದಪ್ಪ ಲೆಡ್ಜರುಗಳಲ್ಲೇ. ಸಂಜೆ ಜಮಾ-ಖರ್ಚು ತಾಳೆಯಾಗದೆ ಏಳುವಂತಿರಲಿಲ್ಲ. ಹತ್ತು ಪೈಸೆ ವ್ಯತ್ಯಾಸ ಬಂದರೂ ಪುಟಪುಟ ಹುಡುಕಬೇಕು. ‘ಹತ್ತು ಪೈಸೆ ಕಿಸೆಯಿಂದ ಹಾಕಿದರಾಯಿತಲ್ಲ ಮುತ್ಯಾ?’ ಎನ್ನುತ್ತೀರಾ? ಆಗುವುದಿಲ್ಲ. ಆ ಹತ್ತು ಪೈಸೆಯ ಹಿಂದೆ ಎರಡು ದೊಡ್ಡ ತಪ್ಪುಗಳು ಒಂದನ್ನೊಂದು ಮುಚ್ಚಿಕೊಂಡು ಕೂತಿರಬಹುದು. ಯಾವುದೋ ರೈತನ ವರ್ಷದ ಗಳಿಕೆ ಅದರಲ್ಲಿ ಸಿಕ್ಕಿಕೊಂಡಿರಬಹುದು. ಕೊನೆಗೆ ಲೆಕ್ಕ ಕೂಡಿದಾಗ ಆಗುತ್ತಿದ್ದ ಹಗುರವನ್ನು ಯಾವ ಸಂಬಳದಿಂದಲೂ ಅಳೆಯಲಾಗದು.

ಇಂಥ ದುಡಿಮೆಗೆ ನಮ್ಮಲ್ಲಿ ‘ಕಾಯಕ’ ಎಂಬ ಹೆಸರಿದೆ. 12ನೇ ಶತಮಾನದ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ಬಸವಣ್ಣನವರು ಬಿಜ್ಜಳನ ಭಂಡಾರ ನೋಡಿಕೊಳ್ಳುತ್ತಿದ್ದರು. ಮಡಿವಾಳ ಮಾಚಯ್ಯ ಬಟ್ಟೆ ಒಗೆಯುತ್ತಿದ್ದರು, ನುಲಿಯ ಚಂದಯ್ಯ ಹಗ್ಗ ಹೊಸೆಯುತ್ತಿದ್ದರು. ಕೆಲಸದಲ್ಲಿ ಮೇಲು-ಕೀಳು ಎಣಿಸಬಾರದೆಂಬುದು ಅವರ ನಡೆ. ಆಯ್ದಕ್ಕಿ ಮಾರಯ್ಯ ಬಿದ್ದ ಅಕ್ಕಿ ಆಯ್ದು ತರುತ್ತಿದ್ದರು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಮಡದಿ ಲಕ್ಕಮ್ಮ ಅದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿ ಕಳುಹಿಸಿದರಂತೆ. ಮೈಮುರಿದು ದುಡಿಯುವುದು ಎಷ್ಟು ಮುಖ್ಯವೋ, ‘ಸಾಕು’ ಎನ್ನಲು ಬರುವುದೂ ಅಷ್ಟೇ ಮುಖ್ಯ.

ಹಿರಿಯರಿಗೂ ಒಂದು ಮಾತು. ಕಾಯಕದ ಹೆಸರು ಹೇಳಿ ದುಡಿದವರ ಕೂಲಿ ಕಡಿಮೆ ಮಾಡುವುದು ನ್ಯಾಯವಲ್ಲ. ತೃಪ್ತಿಯಿಂದ ಒಲೆ ಉರಿಯುವುದಿಲ್ಲ. ಹಾಗೆಯೇ ‘ಓದದಿದ್ದರೆ ಹೊಲದ ಕೆಲಸವೇ ಗತಿ’ ಎಂದು ಮೊಮ್ಮಕ್ಕಳನ್ನು ಹೆದರಿಸುವುದನ್ನೂ ಬಿಡೋಣ. ಓದಲಿ, ಬೇಕಾದ ನೌಕರಿ ಹಿಡಿಯಲಿ. ಆದರೆ ಅನ್ನ ಕೊಡುವ ಕೈಯನ್ನು ಕೀಳಾಗಿ ನೋಡಲು ನಾವೇ ಕಲಿಸುವುದು ಬೇಡ.

ಮಕ್ಕಳೇ, ಈ ಭಾನುವಾರ ಅಜ್ಜಿಯ ಪಕ್ಕ ಮೊರ ಹಿಡಿದು ಕೂತು ಬೇಳೆ ಹಸನು ಮಾಡಿ. ಕೊನೆಯ ಹರಳು ಸಿಗುವವರೆಗೆ ಏಳಬೇಡಿ. ರಾತ್ರಿ ಊಟದಲ್ಲಿ ಯಾರ ಹಲ್ಲಿಗೂ ಕಲ್ಲು ಸಿಗದಿದ್ದರೆ, ಅದೇ ನಿಮ್ಮ ಮೊದಲ ಸಂಬಳ.