ಅರ್ಬುತನ ಹಸಿವು

ಗೋವಿನ ಹಾಡನ್ನು ಕೇಳದೆ ಬೆಳೆದ ಕನ್ನಡದ ಮಗು ಇಲ್ಲವೆಂದೇ ಹೇಳಬಹುದು. ಹಸಿದ ಹುಲಿ ಅರ್ಬುತ ಪುಣ್ಯಕೋಟಿಯನ್ನು ಅಡ್ಡಗಟ್ಟುತ್ತದೆ. ಹಸು ಕರುವಿಗೆ ಹಾಲೂಡಿಸಿ ಬರುವೆನೆಂದು ಮಾತು ಕೊಟ್ಟು, ಹಾಗೆಯೇ ಮರಳುತ್ತದೆ. ಹುಲಿ ಮನಕರಗಿ ಪ್ರಾಣ ಬಿಡುತ್ತದೆ. ತರಗತಿಯಲ್ಲಿ ನಾವು ಹಸುವಿನ ಸತ್ಯವನ್ನು ವಿವರಿಸಿ ಮುಗಿಸಿಬಿಡುತ್ತೇವೆ. ಹುಲಿಯ ಕಡೆಯಿಂದ ಕೇಳುವವರು ಕಡಿಮೆ. ಹಸುವಿಗೆ ಹುಲ್ಲು ಹೇಗೋ ಹುಲಿಗೆ ಮಾಂಸ ಹಾಗೆ. ಕವಿಗೆ ಬೇಕಾದದ್ದು ನೀತಿ, ಆದ್ದರಿಂದ ಅರ್ಬುತ ಸಾಯಬೇಕಾಯಿತು. ಅದು ಕಥೆಯ ನ್ಯಾಯ. ಕಾಡಿನ ನ್ಯಾಯದಲ್ಲಿ ಹುಲಿ ಇಲ್ಲವಾದರೆ ಹುಲ್ಲು ಮೇಯುವ ಮೃಗಗಳು ಹೆಚ್ಚುತ್ತವೆ, ಚಿಗುರು ಉಳಿಯುವುದಿಲ್ಲ.

ನಮ್ಮ ಆಸ್ಪರಿಯ ಎರೆಭೂಮಿಯಲ್ಲಿ ಹುಲಿಯಿಲ್ಲ. ಅದು ಪೂರ್ವಕ್ಕೆ, ನಲ್ಲಮಲದ ಕಾಡಿನಲ್ಲಿದೆ. ಇಂಥ ಬಯಲುಸೀಮೆಯ ಅರ್ಬುತನೆಂದರೆ ತೋಳ. ಅದರ ಸಹಜ ಆಹಾರ ಚಿಗರಿ, ಅಂದರೆ ಕೃಷ್ಣಮೃಗ. ಇವೆರಡನ್ನೂ 1972ರ ವನ್ಯಜೀವಿ ಕಾಯಿದೆ ರಕ್ಷಿಸುತ್ತದೆ. ಆಂಧ್ರಪ್ರದೇಶವು 2018ರಲ್ಲಿ ಚಿಗರಿಯನ್ನು ರಾಜ್ಯಪ್ರಾಣಿಯೆಂದು ಸಾರಿತು. ಆದರೆ ಶೇಂಗಾ, ಕಡಲೆಯ ಹೊಲದಲ್ಲಿ ಹಿಂಡು ಇಳಿದ ರಾತ್ರಿ ಕಾವಲು ಕಾದ ತಂದೆಯ ಮುಂದೆ ಈ ಗೌರವದ ಮಾತನ್ನಾಡುವುದು ಸುಲಭವಲ್ಲ.

ಹಳೆಯ ಕರ್ನೂಲು ಜಿಲ್ಲೆಯಲ್ಲೇ ಇದ್ದ ರೋಳ್ಳಪಾಡಿನ ಕಥೆ ಇದಕ್ಕಿಂತ ಜಟಿಲ. ಎರೆಭೂತ ಹಕ್ಕಿಗಾಗಿ (ತೆಲುಗಿನಲ್ಲಿ ಬಟ್ಟಮೇಕ) ಅಲ್ಲಿನ ಹುಲ್ಲುಗಾವಲನ್ನು 1988ರಲ್ಲಿ ಅಭಯಾರಣ್ಯವಾಗಿ ಮಾಡಿದರು. ರಕ್ಷಣೆ ದೊರೆತು ಚಿಗರಿಗಳು ಹೆಚ್ಚಿದವು, ಸುತ್ತಲಿನ ಬೆಳೆಗೆ ಬಿದ್ದವು. ರೈತರ ಸಿಟ್ಟು ಅಭಯಾರಣ್ಯದ ಮೇಲೆಯೇ ತಿರುಗಿತು. ಯಾವ ಹಕ್ಕಿಗಾಗಿ ಇಷ್ಟೆಲ್ಲ ಆಯಿತೋ ಆ ಹಕ್ಕಿಯೇ ಕಡಿಮೆಯಾಗುತ್ತ ಹೋಯಿತು. ಒಂದನ್ನು ಮಾತ್ರ ಎತ್ತಿ ಕಾಪಾಡುವುದು ಎಷ್ಟು ಕಷ್ಟವೆಂಬುದು ಇದರಿಂದ ತಿಳಿಯುತ್ತದೆ.

ಕಿಪ್ಲಿಂಗ್ 1894ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ತೋಳಗಳು ಮೌಗ್ಲಿಯೆಂಬ ಮನುಷ್ಯನ ಮಗುವನ್ನು ಸಾಕುತ್ತವೆ. ಕಲ್ಪನೆ, ನಿಜ. ಆದರೂ ತೋಳಗಳು ಮರಿಗಳನ್ನು ಕೂಡಿಯೇ ಬೆಳೆಸುತ್ತವೆ ಎಂಬುದು ಕಲ್ಪನೆಯಲ್ಲ. ನಮ್ಮ ಕಥೆಗಳಲ್ಲಿ ತೋಳಕ್ಕೆ ಈ ಮರ್ಯಾದೆ ಸಿಕ್ಕಿದ್ದು ಅಪರೂಪ. ಕಾರಣವೂ ಇದೆ: ಬೀಳುಭೂಮಿ ಉಳುಮೆಗೆ ಬಂದು ಕಾಡುಬೇಟೆ ತಪ್ಪಿದ ಕಡೆ ತೋಳ ಕುರಿಹಿಂಡಿನ ಬೆನ್ನು ಹತ್ತುತ್ತದೆ. ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ನಿಲ್ಲಿಸಿದ ಕುರಿಗಾಹಿ ಒಂದೇ ರಾತ್ರಿ ಎರಡು ಮರಿ ಕಳೆದುಕೊಂಡರೆ ಅವನಿಗೆ ಅದು ವರ್ಷದ ಲೆಕ್ಕ. ಕಾಗದದಲ್ಲಿ ಬಂಜರು ಎಂದು ಬರೆದ ಭೂಮಿ ತೋಳಕ್ಕೆ ಮನೆಯಾಗಿತ್ತೆಂಬುದನ್ನು ಆ ಕಾಗದ ಹೇಳುವುದಿಲ್ಲ.

ಮಕ್ಕಳೇ, ಈ ರಜೆಯಲ್ಲಿ ಮನೆಯ ಹಿರಿಯರನ್ನು ಕೇಳಿರಿ: ನಮ್ಮೂರ ಯಾವ ಬೀಳಿನಲ್ಲಿ ತೋಳ ಕೂಗುತ್ತಿತ್ತು? ಅಲ್ಲಿ ಈಗ ಏನು ಬಿತ್ತಿದ್ದಾರೆ?