ಬೆಂಗಳೂರಲ್ಲಿ ರಿಯಲ್ ಎಸ್ಟೇಟ್ ಏಜೆಂಟ್ ಆಗ್ಬೇಕಾ? ಮೊದಲು ಈ ಲೆಕ್ಕ ಕೇಳಿ

ಇವತ್ತಿನ ಸಂಚಿಕೆಗೆ ಕಾರಣ ಒಂದು ವಾಯ್ಸ್ ನೋಟ್. ಕಂಪ್ಲಿ ಕಡೆಯ ಹುಡುಗ ಕಳಿಸಿದ್ದ. "ಅಣ್ಣಾ, ಡಿಗ್ರಿ ಮುಗೀತು. ಎರಡನೇ ಬೆಳೆಗೆ ನೀರು ಬಿಡ್ತಾರೋ ಇಲ್ಲೋ ಗೊತ್ತಿಲ್ಲ. ಬೆಂಗಳೂರಿಗೆ ಹೋಗಿ ರಿಯಲ್ ಎಸ್ಟೇಟ್ ಏಜೆಂಟ್ ಆದ್ರೆ ತಿಂಗಳಿಗೆ ಲಕ್ಷ ಬರ್ತದಂತೆ, ಖರೇನಾ?" ಅಂತ.

ಬರ್ತದೆ, ಆದ್ರೆ ಕೆಲವರಿಗೆ ಮಾತ್ರ, ಅದೂ ಮೊದಲ ವರ್ಷದಲ್ಲಿ ಅಲ್ಲ. ನಾನು ಎಮ್ಮಿಗನೂರಿನವನು. ಬಿ.ಕಾಂ ಮುಗಿಸಿ, ಹೊಸಪೇಟೆಯಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಇದೇ ಕೆಲಸಕ್ಕೆ ಹೋದವನೇ. ಎರಡೂವರೆ ವರ್ಷ ಮಾಡಿದೆ. ಕೋಟಿ ಮಾಡಲಿಲ್ಲ. ಆದ್ರೆ ಈ ಫೀಲ್ಡ್‌ನಲ್ಲಿ ಯಾರು ಉಳೀತಾರೆ, ಯಾರು ಆರು ತಿಂಗಳಿಗೆ ವಾಪಸ್ ರೈಲು ಹತ್ತುತಾರೆ ಅನ್ನೋದನ್ನ ಹತ್ತಿರದಿಂದ ನೋಡಿದೀನಿ.

ಮೊದಲು ದುಡ್ಡಿನ ಲೆಕ್ಕ

ಏಜೆಂಟ್‌ಗೆ ದುಡ್ಡು ಬರೋದು ಮೂರು ದಾರಿಯಲ್ಲಿ. ಒಂದು, ಬಾಡಿಗೆ ಮನೆ. ಬೆಂಗಳೂರಲ್ಲಿ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆಯೇ ಕಮಿಷನ್. ಎರಡು, ಹಳೇ ಮನೆ ಅಥವಾ ಫ್ಲಾಟ್‌ನ ಮರುಮಾರಾಟ. ಇದರಲ್ಲಿ ಶೇ 1ರಿಂದ 2. ಮೂರು, ಬಿಲ್ಡರ್‌ನ ಹೊಸ ಪ್ರಾಜೆಕ್ಟ್. ಇಲ್ಲಿ ಬಿಲ್ಡರ್ ಕಡೆಯಿಂದಲೇ ಕಮಿಷನ್ ಬರ್ತದೆ, ಶೇಕಡಾವಾರು ಸ್ವಲ್ಪ ಜಾಸ್ತಿ.

ಈಗ 60 ಲಕ್ಷದ ಫ್ಲಾಟ್ ಮಾರಿಸಿದಿರಿ ಅಂದ್ಕೊಳ್ಳಿ. ಶೇ 1 ಅಂದ್ರೆ 60 ಸಾವಿರ. ಕೇಳೋಕೆ ಚೆನ್ನಾಗಿದೆ. ಆದ್ರೆ ಕೊಳ್ಳುವವರ ಕಡೆಯಿಂದ ಬೇರೆ ಬ್ರೋಕರ್ ಒಬ್ಬ ಇದ್ರೆ ಎಷ್ಟೋ ಸಲ ಅರ್ಧ ಅವನಿಗೆ. ಉಳಿದದ್ದು 30 ಸಾವಿರ. ಹೊಸಬರಿಗೆ ಇಂಥ ಒಂದು ಡೀಲ್ ಮುಗಿಯೋಕೆ ಮೂರು ತಿಂಗಳು ಹಿಡಿದ್ರೂ ಆಶ್ಚರ್ಯ ಇಲ್ಲ. ಬ್ಯಾಂಕ್ ಲೋನ್ ತಡ ಆಗ್ತದೆ, ಒಬ್ಬ ಅಣ್ಣತಮ್ಮ ಸಹಿ ಹಾಕಲ್ಲ ಅಂತಾನೆ, ಕೊನೆಗೆ ಕೊಳ್ಳುವವರ ಮನೆಯಲ್ಲಿ ಯಾರೋ ವಾಸ್ತು ಸರಿಯಿಲ್ಲ ಅಂತಾರೆ. ಮೂರು ತಿಂಗಳಿಗೆ 30 ಸಾವಿರ ಅಂದ್ರೆ ತಿಂಗಳಿಗೆ 10 ಸಾವಿರ. ನನ್ನ ಪಿಜಿ, ಊಟ, ಪೆಟ್ರೋಲ್, ಫೋನ್ ಸೇರಿ ತಿಂಗಳ ಖರ್ಚೇ 18 ಸಾವಿರ ಇತ್ತು.

ಅದಕ್ಕೇ ನನ್ನ ಮೊದಲ ಮಾತು ಇದು: ಆರು ತಿಂಗಳ ಖರ್ಚು ಕೈಯಲ್ಲಿ ಇಟ್ಕೊಂಡು ಹೋಗಿ. ನನ್ನ ಲೆಕ್ಕದಲ್ಲಿ 18 ಸಾವಿರ ಗುಣಿಸು ಆರು, 1 ಲಕ್ಷ 8 ಸಾವಿರ. ಅಷ್ಟು ಇಲ್ಲ ಅಂದ್ರೆ ಸಂಬಳ ಕೊಡೋ ಕಡೆ ಸೇರಿ, ಕಮಿಷನ್ ಮಾತ್ರ ಅನ್ನೋ ಕಡೆ ಬೇಡ. ಯಾಕಂದ್ರೆ ಜೇಬು ಖಾಲಿ ಆದಾಗ ಬಾಯಲ್ಲಿ ಸುಳ್ಳು ಬರೋಕೆ ಶುರು ಆಗ್ತದೆ. ಇದು ನನ್ನದೇ ಅನುಭವ.

ನಾನು ಮಾಡಿದ ತಪ್ಪು

ಒಂದು ಆಫೀಸ್‌ನಲ್ಲಿ ಸೇರಿದ್ದೆ. ಹೆಸರು ಬೇಡ. ದಿನಕ್ಕೆ ನೂರಕ್ಕೂ ಹೆಚ್ಚು ಫೋನ್ ಮಾಡ್ಬೇಕು. ನಾಲ್ಕು ತಿಂಗಳು ಒಂದೂ ಡೀಲ್ ಆಗಲಿಲ್ಲ. ಆಗ ಮ್ಯಾನೇಜರ್ ಹೇಳಿದ್ರು, "ನಿಮ್ಮೂರಿನವರ ಲಿಸ್ಟ್ ಮಾಡು. ಗೊತ್ತಿರೋರು ಬೇಗ ನಂಬ್ತಾರೆ."

ಮಾಡಿದೆ. ನಮ್ಮ ಕಡೆಯ ರೈತರೊಬ್ಬರು, ನಾನು ಸಣ್ಣವನಿದ್ದಾಗಿಂದ ಕಾಕಾ ಅಂತ ಕರೀತಿದ್ದವರು. ಭತ್ತದ ದುಡ್ಡು ಕೂಡಿಸಿಟ್ಟಿದ್ರು. ಮಗಳು ಬೆಂಗಳೂರಲ್ಲಿ ಕೆಲಸಕ್ಕಿದ್ಲು, ಅವಳಿಗೆ ಅಂತ ಒಂದು ಸೈಟ್ ನೋಡ್ತಿದ್ರು. ನಮ್ಮ ಆಫೀಸ್ ಹತ್ರ ಊರಾಚೆ ಒಂದು ಲೇಔಟ್ ಇತ್ತು. 30 ಬೈ 40 ಸೈಟ್, 22 ಲಕ್ಷ. ಆದ್ರೆ ನನ್ನ ಪಾಲು 25 ಸಾವಿರ. ಕಾಕಾ ಫೋನಲ್ಲೇ "ನೀನು ಹೇಳಿದ್ರೆ ಆತಪ್ಪ, ಅಡ್ವಾನ್ಸ್ ಎಲ್ಲಿಗೆ ಹಾಕ್ಲಿ?" ಅಂದ್ರು.

ಸೈಟ್ ನೋಡೋಕೆ ಮಗಳು ಬಂದ್ಲು. ಒಂದೇ ಪ್ರಶ್ನೆ ಕೇಳಿದ್ಲು: "ರೇರಾ ನಂಬರ್ ಏನು?" ನಾನು ಆಫೀಸ್‌ನಲ್ಲಿ ಕಲಿಸಿದ್ದನ್ನೇ ಹೇಳಿದೆ, "ಅಪ್ಲೈ ಮಾಡಿದೀವಿ, ಬರ್ತದೆ." ಅವಳು "ಬಂದ ಮೇಲೆ ಫೋನ್ ಮಾಡು" ಅಂತ ಹೇಳಿ ಆಟೋ ಹತ್ತಿದ್ಲು.

ಅವತ್ತು ರಾತ್ರಿ ಮೊದಲ ಸಲ ಆ ಜಮೀನಿನ ಪಹಣಿ ತೆಗೆದು ನೋಡಿದೆ. ಇನ್ನೂ ಕೃಷಿ ಜಮೀನೇ. ಭೂ ಪರಿವರ್ತನೆಯ ಆದೇಶದ ಪ್ರತಿ ಕೇಳಿದ್ರೆ ಆಫೀಸ್‌ನಲ್ಲಿ ಯಾರ ಹತ್ರಾನೂ ಇಲ್ಲ. ನಾಲ್ಕು ತಿಂಗಳಿಂದ ನಾನು ಮಾರೋಕೆ ಹೊರಟಿದ್ದು ಏನು ಅನ್ನೋದು ನನಗೇ ಗೊತ್ತಿರಲಿಲ್ಲ. ಬೆಳಿಗ್ಗೆ ಕಾಕಾಗೆ ಫೋನ್ ಮಾಡಿ ಬೇಡ ಅಂದೆ. ಆ ತಿಂಗಳೇ ಆಫೀಸ್ ಬಿಟ್ಟೆ. ಆ ಹುಡುಗಿ ಕೇಳದೇ ಹೋಗಿದ್ರೆ ಅವರ ದುಡ್ಡು ಹೋಗಿರೋದು, ಕಾರಣ ನಾನಾಗಿರ್ತಿದ್ದೆ.

ಕಾನೂನು ಏನು ಹೇಳ್ತದೆ?

ರೇರಾ ಅಂದ್ರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, 2016ರದ್ದು. ಕರ್ನಾಟಕದ ನಿಯಮಗಳು 2017ರಲ್ಲಿ ಬಂದ್ವು. ಏಜೆಂಟ್ ಆಗೋರು ಇದರಲ್ಲಿ ನಾಲ್ಕು ವಿಷಯ ತಿಳ್ಕೊಂಡಿರ್ಬೇಕು.

ಒಂದು, 500 ಚದರ ಮೀಟರ್‌ಗಿಂತ ದೊಡ್ಡ ಜಾಗದ ಲೇಔಟ್ ಅಥವಾ 8ಕ್ಕಿಂತ ಹೆಚ್ಚು ಫ್ಲಾಟ್ ಇರೋ ಪ್ರಾಜೆಕ್ಟ್ ನೋಂದಣಿ ಆಗದೆ ಜಾಹೀರಾತು ಕೊಡೋ ಹಾಗಿಲ್ಲ, ಬುಕಿಂಗ್ ತಗೊಳ್ಳೋ ಹಾಗೂ ಇಲ್ಲ. "ಅಪ್ಲೈ ಮಾಡಿದೀವಿ" ಅನ್ನೋದು ಉತ್ತರವೇ ಅಲ್ಲ.

ಎರಡು, ಅಂಥ ಪ್ರಾಜೆಕ್ಟ್‌ನಲ್ಲಿ ಮಾರಿಸ್ಬೇಕು ಅಂದ್ರೆ ಏಜೆಂಟ್ ಕೂಡ ನೋಂದಣಿ ಆಗಿರ್ಬೇಕು. ಕರ್ನಾಟಕದಲ್ಲಿ ಒಬ್ಬ ವ್ಯಕ್ತಿಗೆ ಶುಲ್ಕ 25 ಸಾವಿರ, ಐದು ವರ್ಷಕ್ಕೆ. ನೋಂದಣಿ ಇಲ್ಲದೆ ಮಾರಿಸಿದ್ರೆ ದಿನಕ್ಕೆ 10 ಸಾವಿರದಂತೆ ದಂಡ, ಆ ಆಸ್ತಿಯ ಬೆಲೆಯ ಶೇ 5ರವರೆಗೂ ಹೋಗಬಹುದು. ಬಾಡಿಗೆ ಮನೆ ತೋರಿಸೋಕೆ ಇದು ಬೇಕಿಲ್ಲ.

ಮೂರು, ಮಾರಾಟದ ಕರಾರು ನೋಂದಣಿ ಆಗೋ ಮುಂಚೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಅಡ್ವಾನ್ಸ್ ಬಿಲ್ಡರ್ ತಗೊಳ್ಳೋ ಹಾಗಿಲ್ಲ.

ನಾಲ್ಕು, ಇಲ್ಲದ ಸೌಲಭ್ಯ ಇದೆ ಅಂತ ಹೇಳಿ ಮಾರಿಸಿದ್ರೆ ಬಿಲ್ಡರ್ ಜೊತೆ ಏಜೆಂಟ್ ಕೂಡ ಸಿಕ್ಕಿಬೀಳ್ತಾನೆ.

ಮಹಾರಾಷ್ಟ್ರದಲ್ಲಿ 2023ರಿಂದ ಏಜೆಂಟ್‌ಗಳಿಗೆ ತರಬೇತಿ, ಪರೀಕ್ಷೆ ಎರಡೂ ಕಡ್ಡಾಯ ಮಾಡಿದ್ರು. ಪರೀಕ್ಷೆ ಇರಲಿ ಬಿಡಲಿ, ಓದೋದನ್ನ ನೀವೇ ಓದಿ.

ಕಾಗದ ಓದೋಕೆ ಕಲೀರಿ

ಕಾಮರ್ಸ್ ಓದಿದವರಿಗೆ ಇಲ್ಲೊಂದು ಲಾಭ ಇದೆ. ಲೆಡ್ಜರ್ ಓದೋ ಅಭ್ಯಾಸ ಇರೋರಿಗೆ ಇಸಿ, ಅಂದ್ರೆ ಋಣಭಾರ ಪ್ರಮಾಣಪತ್ರ, ಕಷ್ಟ ಅಲ್ಲ. ಆ ಆಸ್ತಿ ಯಾರಿಂದ ಯಾರಿಗೆ ಹೋಯ್ತು, ಯಾವ ಬ್ಯಾಂಕ್‌ನಲ್ಲಿ ಅಡ ಇದೆ ಅನ್ನೋ ನೋಂದಾಯಿತ ವ್ಯವಹಾರ ಎಲ್ಲಾ ಅದರಲ್ಲಿ ಸಾಲಾಗಿ ಇರ್ತದೆ. ಕಾವೇರಿ 2.0 ಪೋರ್ಟಲ್‌ನಲ್ಲಿ ಮೊಬೈಲ್‌ನಿಂದಲೇ ಅರ್ಜಿ ಹಾಕಬಹುದು.

ಆಮೇಲೆ ಖಾತಾ. ಬೆಂಗಳೂರು ಪಾಲಿಕೆ ವ್ಯಾಪ್ತಿಯಲ್ಲಿ 2024ರ ಅಕ್ಟೋಬರ್‌ನಿಂದ ನೋಂದಣಿಗೆ ಇ-ಖಾತಾ ಕಡ್ಡಾಯ. ಎ ಖಾತಾ, ಬಿ ಖಾತಾ ವ್ಯತ್ಯಾಸ ಬಾಯಿಪಾಠ ಆಗಿರ್ಬೇಕು. ಬಿ ಖಾತಾ ಇದೆ ಅಂದ್ರೆ ತೆರಿಗೆ ಕಟ್ಟಿಸ್ಕೊಂಡಿದಾರೆ ಅಂತ ಅರ್ಥ, ಎಲ್ಲಾ ಸಕ್ರಮ ಇದೆ ಅಂತ ಅಲ್ಲ. ಪಂಚಾಯ್ತಿ ವ್ಯಾಪ್ತಿ ಆದ್ರೆ ಇ-ಸ್ವತ್ತು ಫಾರಂ 9 ಮತ್ತು 11 ನೋಡಿ. ಸರ್ಕಾರದಿಂದ ಎಸ್‌ಸಿ, ಎಸ್‌ಟಿ ಕುಟುಂಬಗಳಿಗೆ ಮಂಜೂರಾದ ಜಮೀನು ಅಂತ ಗೊತ್ತಾದ್ರೆ ಅಲ್ಲೇ ನಿಲ್ಲಿ. 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದ ಅಂಥ ಮಾರಾಟ ಊರ್ಜಿತ ಆಗಲ್ಲ. ಕೊನೇ ಮಾತು ವಕೀಲರದ್ದೇ. ಆದ್ರೆ ವಕೀಲರ ಹತ್ರ ಹೋಗೋ ಮುಂಚೆನೇ ಹತ್ತರಲ್ಲಿ ನಾಲ್ಕು ಆಸ್ತಿ ಬೇಡ ಅನ್ನೋ ಏಜೆಂಟ್‌ಗೆ ಬೆಲೆ ಜಾಸ್ತಿ.

ಒಂದು ಏರಿಯಾ ಹಿಡೀರಿ

ನಮ್ಮೂರಲ್ಲಿ ಭತ್ತದ ದಲ್ಲಾಳಿ ಹೆಂಗೆ ಬದುಕ್ತಾನೆ ನೋಡಿ. ಯಾವ ಮಿಲ್‌ನಲ್ಲಿ ಎಷ್ಟು ರೇಟು, ಯಾರು ದುಡ್ಡು ತಡ ಮಾಡ್ತಾರೆ, ಯಾರ ಭತ್ತದಲ್ಲಿ ತೇವ ಜಾಸ್ತಿ, ಎಲ್ಲಾ ಗೊತ್ತು. ಒಂದು ಸುಗ್ಗಿಗೆ ಮೋಸ ಮಾಡಿದ್ರೆ ಮುಂದಿನ ಸುಗ್ಗಿಗೆ ಅವನನ್ನ ಯಾರೂ ಕರೆಯಲ್ಲ. ಬೆಂಗಳೂರಲ್ಲಿ ಹಾಗಲ್ಲ. ಜನ ಜೀವನದಲ್ಲಿ ಒಂದೋ ಎರಡೋ ಸಲ ಮನೆ ಕೊಳ್ತಾರೆ, ಮೋಸ ಮಾಡಿದವನು ಇನ್ನೊಂದು ಏರಿಯಾಗೆ ಹೋಗ್ತಾನೆ.

ನೀವು ಊರಿನ ದಲ್ಲಾಳಿ ಥರಾನೇ ಇರಿ. ಇಡೀ ಬೆಂಗಳೂರು ಮಾರೋಕೆ ಹೋಗ್ಬೇಡಿ. ಎರಡು ಕಿಲೋಮೀಟರ್ ಸುತ್ತಳತೆ ಸಾಕು. ಯಾವ ಅಪಾರ್ಟ್‌ಮೆಂಟ್‌ಗೆ ಕಾವೇರಿ ನೀರು ಬರ್ತದೆ, ಎಲ್ಲಿ ಬರೀ ಟ್ಯಾಂಕರ್, ಮಳೆ ಬಂದ್ರೆ ಯಾವ ರಸ್ತೆ ಮುಳುಗ್ತದೆ, ಕಳೆದ ತಿಂಗಳು ಯಾವ ಫ್ಲಾಟ್ ನಿಜವಾಗಿ ಎಷ್ಟಕ್ಕೆ ಹೋಯ್ತು, ಇದೆಲ್ಲ ಬರ್ಕೊಳ್ಳಿ. ಬರೀ ಮಾತು ಮಾರಬೇಡಿ. ಬೊಮ್ಮಸಂದ್ರ ಕಡೆ "ಮೆಟ್ರೋ ಇನ್ನೇನು ಬಂತು" ಅಂತ ಎಷ್ಟೋ ವರ್ಷ ಹೇಳಿದ್ರು. ಹಳದಿ ಮಾರ್ಗ ಶುರು ಆಗಿದ್ದು 2025ರ ಆಗಸ್ಟ್‌ನಲ್ಲಿ. ಅಲ್ಲೀವರೆಗೆ ಇಎಂಐ ಕಟ್ಟಿದ್ದು ಏಜೆಂಟ್ ಅಲ್ಲ.

ಆಫೀಸ್ ಬಿಟ್ಟ ಮೇಲೆ ನಾನು ಒಬ್ಬ ಹಳೇ ಬ್ರೋಕರ್ ಜೊತೆ ಬಾಡಿಗೆ ಮನೆಗಳಿಂದ ಶುರು ಮಾಡಿದೆ. ತಿಂಗಳಿಗೆ ಎರಡು ಮನೆ, 20 ಸಾವಿರದ ಬಾಡಿಗೆ, ಅರ್ಧ ಅವರಿಗೆ. ಹೊಟ್ಟೆ ತುಂಬ್ತಿತ್ತು, ಏರಿಯಾನೂ ಗೊತ್ತಾಯ್ತು. ಬಾಡಿಗೆಗೆ ಬಂದವರೇ ಎರಡು ವರ್ಷಕ್ಕೆ ಮನೆ ಕೊಳ್ಳೋಕೆ ಫೋನ್ ಮಾಡಿದ್ರು. ಪ್ರತಿ ಕಮಿಷನ್‌ಗೂ ರಸೀದಿ ಕೊಡಿ, ರಿಟರ್ನ್ಸ್ ಹಾಕಿ. ವರ್ಷದ ವಹಿವಾಟು 20 ಲಕ್ಷ ದಾಟಿದ್ರೆ ಜಿಎಸ್‌ಟಿ ನೋಂದಣಿನೂ ಬೇಕು. ಆದಾಯ ಲೆಕ್ಕದಲ್ಲಿ ಇದ್ರೆ ನಾಳೆ ನಿಮಗೂ ಲೋನ್ ಸಿಗ್ತದೆ.

ಕಾಕಾನ ಮಗಳು ನನ್ನ ಮೂಲಕ ಇವತ್ತಿಗೂ ಏನೂ ಕೊಂಡಿಲ್ಲ. ಆದ್ರೆ ಅವಳ ಆಫೀಸ್‌ನ ಮೂವರಿಗೆ ನನ್ನ ನಂಬರ್ ಕೊಟ್ಲು. ನನ್ನ ಮೊದಲ ಮರುಮಾರಾಟದ ಡೀಲ್ ಬಂದಿದ್ದು ಅವರಲ್ಲಿ ಒಬ್ಬರಿಂದ. ಕಾಕಾ ಊರಲ್ಲಿ ಸಿಕ್ಕಾಗ ಈಗಲೂ ಚಹಾ ಕುಡಿಸ್ತಾರೆ.

ಕಂಪ್ಲಿಯ ತಮ್ಮ, ಹೋಗು. ಆರು ತಿಂಗಳ ಖರ್ಚು, ರೇರಾ ನೋಂದಣಿಗೆ 25 ಸಾವಿರ, ಇಷ್ಟು ಮೊದಲು ಹೊಂದಿಸ್ಕೋ. ಊರಿನವರ ಲಿಸ್ಟ್ ಮಾಡು ಅಂತ ಯಾರಾದ್ರೂ ಹೇಳಿದ್ರೆ, ಆ ಸೈಟಿನ ಪಹಣಿ, ಇಸಿ, ರೇರಾ ನಂಬರ್ ಮೊದಲು ನೀನು ನೋಡು. ನೋಡಿ ಆದ್ಮೇಲೆ ಕಾಕಾಗೆ ಫೋನ್ ಮಾಡು.

ನಿಮ್ಮ ಪ್ರಶ್ನೆ ಇದ್ರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ. ಬರ್ತೀನ್ರೀ.